ಕೊಲಂಬೊದಿಂದ ಭಾವನನ್ನು ಕರೆತರದ ಕಥೆ

ಪುತ್ತೂರು

ಪರದೇಶಕ್ಕೆ ಹೋಗಿ ಬಂದವರ ಕಥೆಯಲ್ಲಿ ಒಂದು ಹಡಗು, ಒಂದು ಆನೆ ಮತ್ತು ಕಥೆ ಹೇಳುವವನ ಶೌರ್ಯ ಇರಲೇಬೇಕೆಂದು ನಮ್ಮ ಕಡೆ ನಿಯಮವಿದೆ. ನನ್ನ ಕಥೆಯಲ್ಲಿ ಹಡಗಿದೆ. ಆನೆ ಕಾಣಸಿಗಲಿಲ್ಲ. ಶೌರ್ಯದ ವಿಷಯ ಓದಿದ ಮೇಲೆ ನೀವೇ ಹೇಳಿ.

ನಾನು ಕೋಡಿಂಬಾಳದ ಶೀನ. ಉದ್ಯೋಗ ಎಂದು ಹೇಳಿಕೊಳ್ಳುವಂಥದ್ದು ಇಲ್ಲ, ವಿದ್ಯೆ ಇದೆ: ಬೇರೆಯವರ ದನಿ ತೆಗೆಯುವುದು. ಹೆಡ್‌ಮಾಸ್ತರರು ಮೂಗಿನಲ್ಲಿ ಪಾಠ ಮಾಡುವುದು, ಪೆರಾಬೆಯ ದಲ್ಲಾಳಿ ಮಾತಿಗೊಂದು ದೇವರಾಣೆ ಹಾಕುವುದು, ನನ್ನಪ್ಪ ಸಿಟ್ಟು ಬಂದಾಗ ತೊದಲುವುದು, ಎಲ್ಲ ನನಗೆ ಬಾಯಿಪಾಠ. ಒಮ್ಮೆ ಅಪ್ಪನ ದನಿಯಲ್ಲಿ ಅಪ್ಪನಿಗೇ ಬೈದು ಎರಡು ದಿನ ಊಟಕ್ಕೆ ಹಿತ್ತಿಲ ಬಾಗಿಲಿನಿಂದ ಬರಬೇಕಾಯಿತು. ನನ್ನ ದನಿಯನ್ನೂ ತೆಗೆಯಬಲ್ಲೆ. ಅದಕ್ಕೆ ಯಾರೂ ನಗುವುದಿಲ್ಲ ಅಷ್ಟೆ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಎರಡು ಮೂರು ವರ್ಷವಾಗಿತ್ತು. ಕಬಕದಲ್ಲಿರುವ ನನ್ನ ಅಕ್ಕನಿಗೆ ಆಟಿ ತಿಂಗಳ ಮಳೆಯಲ್ಲಿ ನೆನೆದ ಒಂದು ಕಾಗದ ಬಂತು. ಬರೆದವರು ಕೊಲಂಬೊದಲ್ಲಿ ಸಸ್ಯಾಹಾರಿ ಹೊಟೇಲು ಇಟ್ಟಿದ್ದ ಧಣಿಗಳು. ಅವರ ಹೊಟೇಲಿನ ಅಡುಗೆಯವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಹೋಗಿ ನಾಲ್ಕು ವರ್ಷವಾಗಿತ್ತು. ಕಾಗದದ ಸಾರ ಇಷ್ಟು: ಹಿಂದಿನ ವರ್ಷ ಅಲ್ಲಿ ಭಾಷೆಯ ಹೆಸರಿನಲ್ಲಿ ಹೊಡೆದಾಟವಾದಾಗಿನಿಂದ ನಿಮ್ಮ ಯಜಮಾನರು ಹೊಟೇಲಿನ ಬಾಗಿಲು ದಾಟಿಲ್ಲ. ಚೌತಿ ಕಳೆದ ಮೇಲೆ ನಾನು ಹೊಟೇಲು ಮುಚ್ಚಿ ಊರಿಗೆ ಬರುವವನು. ಯಾರಾದರೂ ಬಂದು ಕರೆದುಕೊಂಡು ಹೋಗಿ. ಇಲ್ಲವಾದರೆ ಅವರನ್ನು ಇಲ್ಲಿಯ ಹುಚ್ಚಾಸ್ಪತ್ರೆಗೆ ಒಪ್ಪಿಸದೆ ನನಗೆ ದಾರಿಯಿಲ್ಲ.

ಮನೆಯಲ್ಲಿ ಹೋಗಿಬರಲು ಪುರುಸೊತ್ತಿದ್ದ ಗಂಡಸು ನಾನೊಬ್ಬನೇ. ರಹದಾರಿ, ರುಜು ಎಲ್ಲ ಆಗುವಾಗ ಮೂರು ವಾರ ಹೋಯಿತು. ಅಲ್ಲಿ ಇರಲು ಮೂವತ್ತು ದಿನದ ಪರವಾನಗಿ. ಪುತ್ತೂರಿನ ಬಸ್ಸು ನಿಲ್ಲುವಲ್ಲಿಗೆ ಅಕ್ಕ ಬಂದಳು. ಕೈಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ.

"ಶೀನ, ಅಲ್ಲಿ ಹೋಗಿ ಮಂಗಾಟ ಮಾಡ್ಬೇಡ."

"ನಾನು ಎಂತ ಮಾಡುದು ಅಕ್ಕ? ಭಾವನ ಕೈ ಹಿಡಿಯುದು, ಹಡಗು ಹತ್ತಿಸುದು. ದನ ಅಟ್ಟಿಕೊಂಡು ಬಂದ ಹಾಗೆ."

"ಅವರು ದನ ಅಲ್ಲ," ಎಂದಳು ಅಕ್ಕ. ಆಮೇಲೆ ತಾನೇ ನಕ್ಕಳು. "ದನವಾದ್ರೆ ಸಂಜೆಗೆ ಅದೇ ಬರ್ತಿತ್ತು."

ಮಂಡಪಂ

ಸಮುದ್ರ ದಾಟುವವರನ್ನೆಲ್ಲ ಮಂಡಪದ ಶಿಬಿರದಲ್ಲಿ ನಿಲ್ಲಿಸಿ, ನಾಲಿಗೆ ನೋಡಿ, ತೋಳಿಗೆ ಚುಚ್ಚುತ್ತಾರೆ. ನಾಲಿಗೆ ನೋಡಿದ ಡಾಕ್ಟರರು ಇಷ್ಟು ಉದ್ದದ ನಾಲಿಗೆಯನ್ನು ಕಂಡಿರಲಾರರು. ಉಪ್ಪಿನಕಾಯಿಯ ಭರಣಿಯ ಬಟ್ಟೆ ಬಿಚ್ಚಿಸಿ ಮೂಸಿದರು. ಇಂಗಿನ ವಾಸನೆಗೆ ಮೂರು ಸಲ ಸೀನಿದರು. ನಾನು ಆ ಸೀನನ್ನು ಅಷ್ಟೇ ರಾಗದಲ್ಲಿ ಹಿಂದಿನ ಸಾಲಿನವರಿಗೆ ಕೇಳುವಂತೆ ಸೀನಿದೆ. ಸಾಲು ನಕ್ಕಿತು. ಡಾಕ್ಟರರು ನನ್ನನ್ನು ಸಾಲಿನ ಕೊನೆಗೆ ಕಳಿಸಿದರು. ಅಲ್ಲಿಂದ ಮತ್ತೆ ಅವರ ಮುಂದೆ ಬರುವಷ್ಟರಲ್ಲಿ ಆ ದಿನದ ಹಡಗು ಹೋಗಿತ್ತು. ಒಂದು ಇಡೀ ದಿನವನ್ನು ನಾನು ಹೀಗೆ ಒಂದು ಸೀನಿಗೆ ಕೊಟ್ಟೆ.

ಧನುಷ್ಕೋಡಿಯ ಹಡಗು

ಮಳೆಗಾಲದ ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿದವನಿಗೆ ಸಮುದ್ರವೆಂದರೆ ಏನು ಎಂದು ಊರಲ್ಲಿ ಹೇಳಿ ಬಂದಿದ್ದೆ. ಕುಮಾರಧಾರೆಗೆ ಆಚೆ ದಡ ಎಂಬುದೊಂದು ಕಾಣುತ್ತದೆ, ಅದೇ ವ್ಯತ್ಯಾಸ. ದಡ ಮರೆಯಾದ ಕೂಡಲೇ ನನ್ನ ಮೊಣಕಾಲುಗಳು ಯಾರದೋ ಮೊಣಕಾಲುಗಳಂತೆ ವರ್ತಿಸತೊಡಗಿದವು. ಕೂಡಲೇ ನಾನು ನಮ್ಮ ದೋಣಿಯವನ ದನಿ ತೆಗೆದೆ: "ಹೆದರ್ಬೇಡಿ ಮಾರಾಯ್ರೆ, ಮುಳುಗಿದ್ರೆ ನಾನೂ ಮುಳುಗುದು, ನನ್ನ ದೋಣಿಯೂ ಮುಳುಗುದು!" ಮಂಜೇಶ್ವರದ ಒಂದು ಸಂಸಾರ ಹತ್ತಿರ ಕೂತಿತ್ತು. ಅವರು ನಕ್ಕರು. ಅವರು ನಗುತ್ತಿದ್ದಷ್ಟು ಹೊತ್ತು ನನ್ನ ಮೊಣಕಾಲು ನನ್ನದಾಗಿತ್ತು. ನಗು ನಿಂತ ಮೇಲೆ ಬಾಲ್ದಿ ಕೇಳಿದೆ. ಮುಂದಿನ ಒಂದು ಗಂಟೆ ನಾನು ಕಂಡ ವಿದೇಶ ಬಾಲ್ದಿಯ ತಳ.

ಕೊಲಂಬೊ, ಮೊದಲನೆಯ ದಿನ

ಹಡಗು, ಆಮೇಲೆ ರಾತ್ರಿಯಿಡೀ ರೈಲು, ಇಷ್ಟು ದೂರ ಹೋಗಿ ಇಳಿದರೆ ಪುತ್ತೂರೇ ಎದುರಾಗಬೇಕೇ? ಅದೇ ಕೆಂಪು ಮಣ್ಣು, ಅದೇ ಹಲಸು, ಅದೇ ತೆಂಗಿನೆಣ್ಣೆಯ ತಲೆಗಳು. ಬೆಳಿಗ್ಗೆ ತಿನ್ನುವುದು ನಮ್ಮ ಒತ್ತು ಶ್ಯಾವಿಗೆಯನ್ನೇ. ನಾವು ಕಾಯಿಹಾಲು ಬೆಲ್ಲ ಹಾಕಿ ಮುದ್ದು ಮಾಡುವ ಶ್ಯಾವಿಗೆಗೆ ಅವರು ಮೀನುಪುಡಿ ಬೆರೆಸಿದ ಮೆಣಸಿನ ಚಟ್ನಿ ಹಚ್ಚಿ ಶಿಕ್ಷಿಸುತ್ತಾರೆ. ಜನ ಮೆತ್ತಗೆ ಮಾತಾಡುತ್ತಾರೆ, ಬಿಸಿಲಿಗೂ ಕೊಡೆ ಹಿಡಿಯುತ್ತಾರೆ, ದಾರಿ ಕೇಳಿದರೆ ಅರ್ಧ ದಾರಿ ಜೊತೆಗೇ ಬರುತ್ತಾರೆ. ಇವರು ಹೊಡೆದಾಡಿದರು ಎಂದರೆ ನಂಬಿಕೆ ಬರಲಿಲ್ಲ. ನಮ್ಮೂರಿನವರೂ ಮೆತ್ತಗೆ ಮಾತಾಡುವವರೇ ಎಂಬುದು ಆಗ ನೆನಪಾಗಲಿಲ್ಲ.

ಹೊಟೇಲು ಒಂದು ಗಲ್ಲಿಯಲ್ಲಿ. ಮುಂದೆ ಊಟದ ಹಜಾರ, ಹಿಂದೆ ಅಡುಗೆಮನೆ. ಧಣಿಗಳು ಹಜಾರದ ನಡುವೆ ಬೆರಳು ತೋರಿಸಿದರು. ಎರಡು ಮೇಜುಗಳ ಮಧ್ಯೆ ನೆಲದಲ್ಲಿ, ಗಿರಾಕಿಗಳ ಕಾಲುಗಳ ಸಂದಿಯಲ್ಲಿ, ಭಾವ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ಬದನೆ ಹೆಚ್ಚುತ್ತಿದ್ದರು. ಅರ್ಧವಾಗಿದ್ದರು. ನಾನು ಓಡಿಹೋಗಿ, ಅವರ ತಾಯಿಯ ದನಿಯಲ್ಲಿ, "ಮಗಾ, ಸೊರಗಿದ್ದೀಯಲ್ಲಾ!" ಎಂದೆ.

ಭಾವ ತಲೆ ಎತ್ತಲಿಲ್ಲ. "ಬಂದೆಯಾ? ಕೂತ್ಕೊ. ಈಗ ಮಾತಾಡ್ಬೇಡ. ಇಳಿಯುದಕ್ಕೆ ಇನ್ನು ನಾಲ್ಕೈದು ಬದನೆ ಬೇಕು."

"ಎಂತ ಇಳಿಯುದು?"

"ಹೆದರಿಕೆ."

ಐದಲ್ಲ, ಆರು ಬದನೆ ಆಯಿತು. ಆಮೇಲೆ ಉಸಿರು ಬಿಟ್ಟು ನನ್ನ ಮುಖ ನೋಡಿ ನಕ್ಕರು. "ಇವತ್ತು ಒಟ್ಟು ಹದಿನಾರು. ನಿನ್ನೆ ಇದೇ ಜಾಗದಲ್ಲಿ ಇಪ್ಪತ್ತೆರಡು ಆಗಿತ್ತು."

ಆಚ್ಚಿಯ ಗೆರೆ

ಹೊಟೇಲಿಗೆ ಬಾಳೆಲೆ, ತೆಂಗಿನಕಾಯಿ ತಂದುಕೊಡುವ ಒಬ್ಬ ಸಿಂಹಳದ ಮುದುಕಿ ಇದ್ದಳು. ಅವರ ಭಾಷೆಯಲ್ಲಿ ಅಜ್ಜಿಗೆ ಆಚ್ಚಿ ಎನ್ನುತ್ತಾರೆ. ಎಲ್ಲರಿಗೂ ಅವಳು ಆಚ್ಚಿಯೇ. ಹೊಟೇಲಿನ ಹಿತ್ತಿಲ ಗೋಡೆಗೆ ತಾಗಿ ಅವಳ ಮನೆ. ಗಲಾಟೆಯ ದಿನ ತಮಿಳರನ್ನು ಹುಡುಕುತ್ತಾ ಸಿಂಹಳರ ಗುಂಪು ಬಂದಾಗ ಧಣಿಗಳು ಊರಲ್ಲಿರಲಿಲ್ಲ. ಭಾವ ಒಬ್ಬರೇ. ಅವರ ಕನ್ನಡ ಗುಂಪಿನ ಕಿವಿಗೆ ತಮಿಳಾಗಿ ಕೇಳಿತು. ಹಿತ್ತಿಲ ಬಾಗಿಲಿನಿಂದ ಭಾವನನ್ನು ಎಳೆದೊಯ್ದು ತನ್ನ ಸೌದೆಕೊಟ್ಟಿಗೆಯಲ್ಲಿ ಐದು ದಿನ ತೆಂಗಿನ ಗರಿ ಮುಚ್ಚಿ ಇಟ್ಟವಳು ಆಚ್ಚಿ. ಎದುರಿನ ಬಾಗಿಲು ಮುರಿದವರೂ ಅವಳ ಜನವೇ, ಗರಿ ಮುಚ್ಚಿದವಳೂ ಅದೇ ಜನದವಳೇ.

ಆಮೇಲೆ ಭಾವ ಒಲೆಯ ಬುಡ ಬಿಟ್ಟು ಏಳದಾದಾಗ ಮದ್ದು ಕಂಡುಹಿಡಿದವಳೂ ಅವಳೇ. ಒಲೆಯಿಂದ ಬೀದಿಯ ಬಾಗಿಲಿಗೆ ಇಪ್ಪತ್ತೆಂಟು ಮೊಳ. ಮೊಳಕ್ಕೊಂದರಂತೆ ಇದ್ದಿಲಿನಿಂದ ಗೆರೆ ಎಳೆದಳು. ಮೆಟ್ಟುಕತ್ತಿಯನ್ನು ಒಂದು ಗೆರೆಯ ಮೇಲಿಡಬೇಕು, ತರಕಾರಿ ಹೆಚ್ಚುತ್ತಾ ಕೂರಬೇಕು. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಅದು ತಾನಾಗಿ ಇಳಿಯುವವರೆಗೆ ಏಳಬಾರದು. ಇಳಿದ ಮೇಲೆ ಎದ್ದರೆ ಆ ಗೆರೆ ನಿನ್ನದು, ಇಳಿಯುವ ಮೊದಲೇ ಎದ್ದರೆ ಅದು ಹೆದರಿಕೆಯದ್ದು. ಹತ್ತು ಬದನೆಯೊಳಗೆ ಇಳಿದರೆ ಮರುದಿನ ಮುಂದಿನ ಗೆರೆ.

"ಮೊದಲಿನ ದಿನ ಬುಟ್ಟಿ ಖಾಲಿಯಾದ್ರೂ ಇಳಿಯಲಿಲ್ಲ," ಎಂದರು ಭಾವ. "ಧಣಿಗಳು ಎರಡು ದಿನ ಗಿರಾಕಿಗಳಿಗೆ ಬದನೆ ಸಾಂಬಾರೇ ಬಡಿಸಿದ್ರು ಮಾರಾಯ."

"ಹೆದರಿಕೆ ನಿಮಗೆ, ಶಿಕ್ಷೆ ಅವರಿಗೆ."

"ಹೌದು ಮತ್ತೆ. ಈಗ ಯಾರೂ ಕೇಳುದಿಲ್ಲ. ನನ್ನ ಕತ್ತಿ ಹತ್ತಿರ ಬಂದ್ರೆ ಕಾಲು ಎತ್ತಿ ಕೂರ್ತಾರೆ."

ನಾನು ಕಂಡ ಅತಿ ದೊಡ್ಡ ಸೌಜನ್ಯ ಇದೇ. ಗುಮಾಸ್ತರು, ಅಂಗಡಿಯವರು, ಒಬ್ಬ ಕಾವಿಯುಟ್ಟ ಭಿಕ್ಷು ಸಹ, ತಮ್ಮ ಪಾಡಿಗೆ ಕಾಲು ಮೇಲಿಟ್ಟುಕೊಂಡು ಕುಳಿತು ಭಾವನ ಬದನೆಗೆ ಜಾಗ ಬಿಡುತ್ತಿದ್ದರು. ನಮ್ಮೂರಿನಲ್ಲಾದರೆ ಒಬ್ಬೊಬ್ಬರೂ ಒಂದೊಂದು ಮದ್ದು ಹೇಳುತ್ತಿದ್ದರು: ನೂಲು ಕಟ್ಟಿಸಿ, ಹರಕೆ ಹೇಳಿ, ಮದುವೆ ಮಾಡಿಸಿ. ಮದುವೆ ಆಗಿದೆ ಎಂದರೆ, ಹಾಗಾದರೆ ಅದೇ ಕಾರಣ ಎನ್ನುತ್ತಿದ್ದರು.

ನಾನು ಹೋದಾಗ ಹದಿನಾಲ್ಕನೆಯ ಗೆರೆ. ದಿನಕ್ಕೊಂದು ಎಂದರೆ ಹದಿನಾಲ್ಕೇ ದಿನದಲ್ಲಿ ಹೊಸ್ತಿಲು. ಆಮೇಲೆ ಬೀದಿ, ರೈಲು, ಹಡಗು. ದಿನ ಸಾಕು ಎಂದು ಲೆಕ್ಕ ಹಾಕಿದೆ. ಅಕ್ಕನಿಗೆ ಬರೆದೆ: "ನಿನ್ನ ದನ ದಿನಕ್ಕೊಂದು ಮೊಳ ಮನೆ ಕಡೆ ನಡೆಯುತ್ತಿದೆ."

ಇಪ್ಪತ್ತೆಂಟನೆಯ ಗೆರೆ

ಆ ಎರಡು ವಾರ ನನಗೆ ಹಬ್ಬ. ಬದನೆ ತರುವ ನೆಪದಲ್ಲಿ ಊರು ಸುತ್ತಿ ಸಿಕ್ಕವರ ದನಿಯನ್ನೆಲ್ಲ ಬಾಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಬಸ್ಸಿನ ಕಂಡಕ್ಟರ್, ಲಾಟರಿ ಮಾರುವವನು, ಬೆಳಿಗ್ಗೆ ಆಚೆ ಬೀದಿಯ ಮನೆಗಳ ಬಾಗಿಲು ಬಡಿಯುವ ಹಾಲಿನವನು. ಅರ್ಥ ಗೊತ್ತಿಲ್ಲದಿದ್ದರೂ ಧಾಟಿ ಸರಿ. ಭಾವ ನಗುತ್ತಿದ್ದರು. ನಗುತ್ತಾ ಹೆಚ್ಚಿದ ದಿನ ಎಂಟೇ ಬದನೆಗೆ ಇಳಿಯಿತು. ನನ್ನಿಂದಲೇ ಇಳಿಯಿತು ಎಂದು ನನಗೆ ಗಟ್ಟಿಯಾಯಿತು.

ನಮ್ಮಲ್ಲಿ ಭಾವ ಮೈದುನರೆಂದರೆ ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳಲು ಪರವಾನಗಿ ಪಡೆದವರು. ಮದುವೆಯ ದಿನ ನಾನು ಅವರ ಪಾಯಸಕ್ಕೆ ಉಪ್ಪು ಹಾಕಿದ್ದೆ. ಅವರು ನನ್ನ ಅಂಗಿಯೊಳಗೆ ಕೆಂಪಿರುವೆ ಬಿಟ್ಟಿದ್ದರು. ಸಿಟ್ಟಾದವನು ಸೋತ ಹಾಗೆ. ನಮ್ಮಲ್ಲಿ ಇನ್ನೊಂದು ಮದ್ದೂ ಇದೆ: ಬಿಕ್ಕಳಿಕೆ ನಿಲ್ಲದಿದ್ದರೆ ಹಿಂದಿನಿಂದ ಬಂದು ಒಮ್ಮೆ ಹೆದರಿಸಿಬಿಡುವುದು. ಅಜ್ಜಿ ಮಾಡುತ್ತಿದ್ದಳು, ಅಮ್ಮ ಮಾಡುತ್ತಾಳೆ. ಹೆದರಿಕೆಯೂ ಬಿಕ್ಕಳಿಕೆಯ ಜಾತಿಯದ್ದೇ, ಕೊನೆಗೊಮ್ಮೆ ಜೋರಾಗಿ ಹೆದರಿಸಿ, ಬಾಗಿಲು ತೆರೆದಾಗ ನನ್ನ ಹಲ್ಲು ಕಂಡರೆ, ನಗುವಿನೊಡನೆ ಉಳಿದದ್ದೂ ಹೊರಟುಹೋಗುತ್ತದೆ ಎಂದು ನಾನು ಯೋಚಿಸಿದೆ. ಯೋಚಿಸಿದೆ ಎನ್ನುವುದು ದೊಡ್ಡ ಮಾತು.

ಇಪ್ಪತ್ತೆಂಟನೆಯ ಗೆರೆಯ ದಿನ. ಮಧ್ಯಾಹ್ನದ ಊಟ ಮುಗಿದು ಮುಂಬಾಗಿಲಿನ ಹಲಗೆಗಳನ್ನು ಹಾಕಿದ್ದರು. ಒಳಗೆ ಹೊಸ್ತಿಲಿಗೆ ತಾಗಿ ಭಾವ ಕೂತಿದ್ದರು. ಐದು ಬದನೆಗೇ ಇಳಿಯಿತೆಂದು, ನಾಳೆ ಹಲಗೆ ತೆಗೆದು ಹೊಸ್ತಿಲ ಆಚೆ ಮಣೆ ಇಡುವುದೆಂದು ಅವರೇ ಹೇಳಿದ್ದರು. ನಾನು ಬುಟ್ಟಿ ಹಿಡಿದು ಬೀದಿಯಿಂದ ಬಂದೆ. ಬುಟ್ಟಿ ಕೆಳಗಿಟ್ಟೆ. ಎರಡೂ ಮುಷ್ಟಿಯಿಂದ ಹಲಗೆಗೆ ಗುದ್ದಿ, ಹೊಟ್ಟೆಯಿಂದ ದನಿ ತೆಗೆದು, ಹಾಲಿನವನಿಂದ ಕಲಿತ ಎರಡು ಮಾತು ಕೂಗಿದೆ: "ದೊರ ಅರಪನ್!" ಬಾಗಿಲು ತೆಗೆ ಎಂದು ಅರ್ಥ, ಅಷ್ಟೆ.

ಒಳಗೆ ಮೆಟ್ಟುಕತ್ತಿ ಮಗುಚಿದ ಸದ್ದು. ನಾನು ಹಲ್ಲು ಕಿರಿದುಕೊಂಡು ಕಾದೆ. ಹಲಗೆ ತೆಗೆದವರು ಧಣಿಗಳು.

"ನಿಂಗೆ ಆ ಮಾತು ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ. ಹಾಲಿನವ ದಿನಾ..."

"ಅವತ್ತು ಆ ಗುಂಪು ಇದೇ ಬಾಗಿಲಿಗೆ ಇದೇ ಎರಡು ಮಾತು ಕೂಗಿದ್ದು ಮಾರಾಯ, ಆಚ್ಚಿ ಕೇಳಿದ್ದಾಳೆ. ಬಾಗಿಲು ಮುರಿಯುವವರೆಗೂ ಅದನ್ನೇ."

ಹೊಸ್ತಿಲಿನಿಂದ ಒಳಗೆ ರಕ್ತದ ಹನಿಗಳು ಒಂದೊಂದು ಗೆರೆಯನ್ನೂ ದಾಟಿಕೊಂಡು ಹೋಗಿದ್ದವು. ಭಾವ ಒಲೆಯ ಹಿಂದೆ ಸೌದೆಯ ಮರೆಯಲ್ಲಿದ್ದರು. ಅಂಗೈ ಕೊಯ್ದುಹೋಗಿತ್ತು. ಇನ್ನೊಂದು ಕೈಯಲ್ಲಿ ಬದನೆ ಹಾಗೆಯೇ ಇತ್ತು. ನಾನು ಮಂಡಿಯೂರಿ, "ಭಾವ, ನಾನು, ಶೀನ, ನಾನೇ," ಎಂದೆ. ಬಹಳ ಹೊತ್ತಿನ ಮೇಲೆ ಅವರು ನನ್ನನ್ನು ಗುರುತಿಸಿದರು. ಬೈಯಲಿಲ್ಲ. ನಮ್ಮ ನಿಯಮದಲ್ಲಿ ಸಿಟ್ಟಾದವನು ಸೋತ ಹಾಗಲ್ಲವೇ?

"ದನಿ ಸರಿಯಾಗಿಯೇ ಇತ್ತು ಮಾರಾಯ," ಎಂದರು. "ಒಂದು ಚೂರೂ ತಪ್ಪಿಲ್ಲ."

ನನ್ನ ವಿದ್ಯೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಈವರೆಗೆ ಬಂದಿಲ್ಲ.

ಒಲೆಯ ಬುಡ

ಮರುದಿನ ಮೆಟ್ಟುಕತ್ತಿ ಮೊದಲನೆಯ ಗೆರೆಗೂ ಹಿಂದೆ ಇತ್ತು. ಬುಟ್ಟಿ ಖಾಲಿಯಾಯಿತು, ಇಳಿಯಲಿಲ್ಲ. ಆಚ್ಚಿ ಬಂದು ನೋಡಿದಳು. ನನ್ನನ್ನು ಬೈಯುತ್ತಾಳೆ ಎಂದು ಕಾದೆ, ಬೈದರೆ ಒಳ್ಳೆಯದಿತ್ತು. ಅವಳು ಇನ್ನೊಂದು ಮಣೆ, ಒಂದು ಚೂರಿ ತಂದು ಭಾವನ ಪಕ್ಕದಲ್ಲಿಟ್ಟು ನನ್ನನ್ನು ಕೂರಿಸಿದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಹೆಚ್ಚು, ಬಾಯಿ ಮುಚ್ಚು.

ಬಾಯಿ ಮುಚ್ಚಿ ಕೂತಾಗಲೇ ಗೊತ್ತಾದದ್ದು ನನಗೆ. ಹಡಗಿನಲ್ಲಿ ದೋಣಿಯವನ ದನಿ ತೆಗೆದದ್ದು, ಮೊದಲ ದಿನ ಸೊರಗಿದ ಭಾವನನ್ನು ಕಂಡೊಡನೆ ಅವರ ತಾಯಿಯ ದನಿ ತೆಗೆದದ್ದು, ಅಪ್ಪನ ಸಿಟ್ಟಿನೆದುರು ಅಪ್ಪನದೇ ದನಿ ತೆಗೆದದ್ದು, ಎಲ್ಲ ಒಂದೇ. ಹೆದರಿಕೆ ಏರುವ ಮೊದಲೇ ನಾನು ಇನ್ನೊಬ್ಬನಾಗಿಬಿಡುತ್ತಿದ್ದೆ. ಭಾವ ಹೆದರಿದ ಜಾಗದಲ್ಲಿ ಭಾವನಾಗಿಯೇ ಕೂತು ಇಪ್ಪತ್ತೆಂಟು ಗೆರೆ ಗೆದ್ದಿದ್ದರು. ನಾನು ಹುಟ್ಟಿದಾಗಿನಿಂದ ಒಂದು ಗೆರೆಯಲ್ಲೂ ಕೂತವನಲ್ಲ. ಆ ದಿನ ಮೂವತ್ತು ಬದನೆ ಹೆಚ್ಚಿದೆ. ನನ್ನದೂ ಇಳಿಯಲಿಲ್ಲ. ಎದ್ದುಹೋಗಲಿಲ್ಲ, ಅದೊಂದೇ ಹೆಚ್ಚುಗಾರಿಕೆ.

ಹೀಗೆ ಹದಿನಾಲ್ಕು ದಿನ. ಇಬ್ಬರೂ ಸೇರಿ ಗೆದ್ದದ್ದು ಎರಡು ಗೆರೆ. ಮೊದಲಿನ ಸಲಕ್ಕಿಂತ ಈ ಸಲ ಯಾಕೆ ಕಷ್ಟ ಎಂದು ನಾನು ಕೇಳಿದೆ. ಭಾವ ಹೆಚ್ಚುತ್ತಲೇ ಹೇಳಿದರು: "ಆಗ ಬಾಗಿಲಿನ ಹೊರಗೆ ಇದ್ದದ್ದು ಅವರು ಮಾತ್ರ. ಈಗ ಯಾರು ಬೇಕಾದ್ರೂ ಇರಬಹುದಲ್ವಾ?"

ಚೌತಿ ಹತ್ತಿರ ಬಂತು. ಧಣಿಗಳು ಪಾತ್ರೆ ಕಟ್ಟಿಸಿದರು. ಭಾವನನ್ನು ನಾವು ನಾಲ್ಕು ಜನ ಹಿಡಿದು ಮುಂಬಾಗಿಲಿನ ಹತ್ತಿರ ತಂದದ್ದೂ ಆಯಿತು. ಅವರ ಬಾಯಿಂದ ಬಂದ ಸದ್ದು ಎಂಥದ್ದೆಂದು ಬರೆಯಲಾರೆ. ಅದೊಂದನ್ನು ನಾನು ತೆಗೆದು ತೋರಿಸಲೂ ಆರೆ. ಬಿಟ್ಟೆವು. ಕೊನೆಗೆ ಆಚ್ಚಿಯೇ ಹಿತ್ತಿಲ ಬಾಗಿಲು ತೆರೆದಳು. ಆ ಬಾಗಿಲಿನಿಂದ ಭಾವ ಹೊರಗೆ ಬಂದರು, ಎಂಟು ಹೆಜ್ಜೆ ನಡೆದರು, ಅದೇ ಸೌದೆಕೊಟ್ಟಿಗೆಯೊಳಗೆ ಹೋಗಿ ಕೂತರು. ಹುಚ್ಚಾಸ್ಪತ್ರೆ ತಪ್ಪಿತು. ಧಣಿಗಳು ಮೆಟ್ಟುಕತ್ತಿಯನ್ನು ಅವರಿಗೇ ಬಿಟ್ಟರು. ಆಚ್ಚಿ ಕೊಟ್ಟಿಗೆಯ ನೆಲದಲ್ಲಿ ಒಂದು ಹೊಸ ಗೆರೆ ಎಳೆದಳು.

ನಾನು ಹೊರಡುವಾಗ ಭಾವ ಎಂದದ್ದು ಇಷ್ಟೇ: "ಹೋಗುವಾಗ ಬಾಗಿಲು ಎಳ್ಕೊ."

ಕಬಕ

ಹಿಂದೆ ಬರುವಾಗ ಸಮುದ್ರ ಇನ್ನೂ ಕೆಟ್ಟದಾಗಿತ್ತು. ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಕಂಬಿ ಹಿಡಿದು ನಿಂತು ಹೆದರಿದೆ. ದಡ ಕಾಣುವ ಮೊದಲೇ ಅದು ಒಮ್ಮೆ ಇಳಿಯಿತು. ಆಚ್ಚಿಯ ಮಾತು ನಿಜ, ಅದು ಇಳಿಯುತ್ತದೆ. ಆದರೆ ಆ ಹೆದರಿಕೆ ಬರೀ ನೀರಿನದ್ದು. ಮುಂದೆ ಕಬಕ ಇತ್ತು.

ಅಕ್ಕ ಜಗಲಿಯಲ್ಲಿ ನಿಂತಿದ್ದಳು. ನನ್ನ ಹಿಂದೆ ನೋಡಿದಳು. ಯಾರೂ ಇಲ್ಲವೆಂದು ಕಂಡ ಮೇಲೂ ಸ್ವಲ್ಪ ಹೊತ್ತು ಹಿಂದೆಯೇ ನೋಡಿದಳು. ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಆಮೇಲೆ ಕೇಳಿದಳು.

"ನನ್ನ ವಿಷಯ ಎಂತಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಆ ಕೊನೆಯ ಹದಿನಾಲ್ಕು ದಿನ ಅವರು ಯಾರ ವಿಷಯವನ್ನೂ ಹೇಳಿರಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಬೇಡವೆಂದರೂ ಬಾಯಿ ತೆರೆಯಿತು. ಭಾವನ ದನಿ, ನಾಲ್ಕು ವರ್ಷದ ಹಿಂದಿನ ದುಂಡಗಿನ ದನಿ, ಸೊಗಸಾಗಿ ಬಂತು: "ಅವಳತ್ರ ಹೇಳು, ದೀಪಾವಳಿಗೆ ನಾನು ಬಂದೇ ಬರ್ತೇನೆ."

ಅಕ್ಕ ನನ್ನ ಮುಖ ನೋಡಿದಳು.

"ಅದು ನೀನು," ಎಂದಳು. "ಅವರು ಎಂತ ಹೇಳಿದ್ರು?"

ನಾನು ಜಗಲಿಯಿಂದ ಏಳಬಹುದಿತ್ತು, ಏಳಲಿಲ್ಲ. ಇಪ್ಪತ್ತೆಂಟು ಗೆರೆಯ ವಿಷಯ ಹೇಳಿದೆ. ಹಲಗೆಗೆ ಗುದ್ದಿದ ವಿಷಯ ಹೇಳಿದೆ. ರಕ್ತದ ಹನಿ, ಕೊಟ್ಟಿಗೆ, ಎಲ್ಲ. ಹೇಳಿ ಮುಗಿದ ಮೇಲೆ ನನ್ನ ಎದೆಯ ಹೊಡೆತ ಇಳಿಯಿತು. ಇಳಿದದ್ದಕ್ಕೆ ನಾಚಿಕೆಯಾಯಿತು, ಏಕೆಂದರೆ ಆಗ ಅಕ್ಕ ಮಜ್ಜಿಗೆಯ ಚೆಂಬು ಹಿಡಿದು ಮತ್ತೆ ನನ್ನ ಹಿಂದಿನ ದಾರಿಯನ್ನೇ ನೋಡುತ್ತಿದ್ದಳು.

ಮರುವರ್ಷ ಅವಳಿಗೆ ರಹದಾರಿ ಮಾಡಿಸಲು ಹೋದೆವು, ಆಗಲಿಲ್ಲ. ಮತ್ತೊಮ್ಮೆ ಹೋದೆವು, ಆಗಲೂ ಸಿಗಲಿಲ್ಲ. ಆಚ್ಚಿ ಯಾರಿಂದಲೋ ತಮಿಳಿನಲ್ಲಿ ಎರಡು ಕಾಗದ ಬರೆಸಿದಳು. ಮೊದಲನೆಯದರಲ್ಲಿ ನಾಲ್ಕು ಗೆರೆ ಎಂದಿತ್ತು. ಎರಡನೆಯದರಲ್ಲಿ ಮೂರು ಎಂದಿತ್ತು. ಮೂರನೆಯ ಕಾಗದ ಬರಲಿಲ್ಲ.

ಅಕ್ಕ ನನ್ನ ಹತ್ತಿರ ಮಾತು ಬಿಟ್ಟಿಲ್ಲ. ಹೋದಾಗೆಲ್ಲ ಬಡಿಸುತ್ತಾಳೆ, ಊರಿನ ಸುದ್ದಿ ಕೇಳುತ್ತಾಳೆ. ಆದರೆ ನಾನು ಮರೆತು ಯಾರದಾದರೂ ದನಿ ತೆಗೆದರೆ, ಉಳಿದವರು ನಗುತ್ತಿರುವಾಗಲೇ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಆ ಬಾಗಿಲನ್ನು ಬಡಿಯುವುದಿಲ್ಲ. ಹೊರಗೆ ಕೂತು, ಅವಳಾಗಿ ತೆಗೆಯುವವರೆಗೆ ಕಾಯುತ್ತೇನೆ.